ಅಜ್ಜಿಯ ಕಲ್ಲಿನ ಮೇಲಿನ ತಾರೀಖು

ಮ್ಯಾಲಕಿ,

ಬೇಕನ್, ಕೋಸು ಒಲೆಯ ಮೇಲಿದೆ, ನೀನೇ ಬಿಸಿ ಮಾಡಿಕೋ. ನಾನು ಕಲ್ಲು ಕೆತ್ತುವವನ ಹತ್ತಿರ ಹೋಗುತ್ತಿದ್ದೇನೆ. ಬಾಸ್ಟನ್ನಿನ ನೆಂಟರನ್ನು ಇವತ್ತು ಸಮಾಧಿಗೆ ಕರೆದೊಯ್ಯಬೇಡ.

ನಮ್ಮಜ್ಜಿಯ ಸಮಾಧಿಕಲ್ಲಿನ ಮೇಲೆ ನೀನು ಕೆತ್ತಿಸಿದ ಹುಟ್ಟಿದ ತಾರೀಖು ಅವಳದಲ್ಲ. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮೊದಲು ಕಂಡ ಹೊನೋರಾಳನ್ನೇ ಬರೆದುಕೊಂಡು ಬಂದೆಯಲ್ಲ, ಆ ಕೂಸು ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಐದು ವರ್ಷದ ಮೇಲೆ ಹುಟ್ಟಿದ ಅಜ್ಜಿಗೆ ಅದೇ ಹೆಸರಿಟ್ಟರು. ೧೯೧೧ರ ಜನಗಣತಿಯನ್ನೂ ನೋಡು ಎಂದು ನಾನು ಬಡಿದುಕೊಂಡೆ. ಹುಟ್ಟಿದ ಮಕ್ಕಳು ಆರು, ಬದುಕಿರುವವರು ಐದು ಎಂದು ಮುತ್ತಜ್ಜನೇ ಬರೆಸಿದ್ದಾನೆ. "ನಮ್ಮನೆ ವಿಷಯ ನಂಗೊತ್ತಿಲ್ವೇನೆ?" ಅಂದೆ ನೀನು.

ಅಜ್ಜಿ ಹೇಳುತ್ತಿದ್ದದ್ದು ನೆನಪಿದೆಯಾ? "ಹೆಸರು, ತೊಟ್ಟಿಲು, ಅಂಗಿ, ಎಲ್ಲಾ ಆ ಸತ್ತೋದವಳದ್ದೇ ಕಣ್ರೋ. ಹುಟ್ಟಿದ ದಿನ ಒಂದೇ ನಂದು."

ನೀನು ಅದನ್ನೂ ಕಿತ್ತುಕೊಂಡೆ.

ಅಟ್ರಾಕ್ಟಾ