ಅವಳು ತಿದ್ದಿದ ಪದ್ಯಗಳು

ಹೇಆನ್ ರಾಜಧಾನಿ, ಶರತ್ಕಾಲ

ಯಜಮಾನರಿಗೆ ತೊಷಿಕೊ ಮಾಡುವ ವಂದನೆಗಳು.

ಅಪ್ಪ ನನಗೆ ಕೊಟ್ಟ ಚೀನಾದ ಬಿವಾ ತಂತಿವಾದ್ಯ ನಿಮ್ಮ ತಮ್ಮನ ಅಭ್ಯಾಸಕ್ಕೆ ಬೇಕೆಂದು ಆಳನ್ನು ಕಳಿಸಿದ್ದಿರಿ. ಅವನು ಪಾಪ, "ಸಂಜೋ ಬೀದಿ ನೊರಿಕೊ ಅಮ್ಮಾವ್ರು ಕಾಯ್ತಾ ಇದಾರೆ, ಬೇಗ ಕೊಡಿ" ಅಂದುಬಿಟ್ಟ. ಎತ್ತಿನ ಗಾಡಿ ಕಟ್ಟಿಸಿ ನಾನೇ ಹೋದೆ. ಈಚೆಗೆ ನೀವು ರಾತ್ರಿ ಕಳೆಯುವುದು ಅವಳ ಮನೆಯಲ್ಲೆಂದು ಕೇಳಿದ್ದೆ; ಚೀನೀ ಅಕ್ಷರವನ್ನೂ ಬಲ್ಲಳೆನ್ನುವ ಆ ಹೆಂಗಸು ಹೇಗಿರುತ್ತಾಳೆಂದು ನೋಡಬೇಕಿತ್ತು.

ಅವಳು ನಗುತ್ತಲೇ ಒಳಗೆ ಕರೆದಳು. "ಅಕ್ಕಾ, ನಿಮ್ಮೆಜಮಾನ್ರ ಚೀನೀ ಪದ್ಯ ತಿದ್ದೀ ತಿದ್ದೀ ನಂಗೆ ಸಾಕಾಗೋಗಿದೆ. ಸಾಲಿಗೊಂದು ತಪ್ಪು!" ಅಂದಳು. ನೀವು ಅರಮನೆಯಲ್ಲಿ ಓದಿ ಹೊಗಳಿಸಿಕೊಂಡ ಪದ್ಯಕ್ಕೂ ಅವಳೇ ಕೈಹಾಕಿದ್ದಳಂತೆ. ನಾನೂ ನಕ್ಕೆ.

ಗಾಡಿ ಹತ್ತಿದ ಮೇಲೆ ಅಳು ಬಂತು. ಇಷ್ಟು ವರ್ಷದಲ್ಲಿ ನೀವು ನನಗೆ ತೋರಿಸಿದ್ದೆಲ್ಲ ತಪ್ಪಿಲ್ಲದ ಪ್ರತಿ. ತಪ್ಪು ತೋರಿಸುವಷ್ಟು ಸಲಿಗೆ ಅವಳ ಪಾಲಾಯಿತು.

ಬಿವಾ ನನ್ನ ಬಳಿಯೇ ಇದೆ, ಕೊಡುವುದಿಲ್ಲ. ಚಳಿಗಾಲದ ನಿಲುವಂಗಿ ಹೊಲಿಸಿ ಆಳಿನ ಕೈಲಿ ಕಳಿಸಿದ್ದೇನೆ. ಮುಂದಿನ ಪದ್ಯವನ್ನು ಅವಳು ತಿದ್ದುವ ಮೊದಲು ನನಗೆ ಕಳಿಸಿ. ಆ ಅಕ್ಷರಗಳು ನನಗೆ ಓದಲು ಬರುವುದಿಲ್ಲ. ಆದರೂ ನಿಮ್ಮ ತಪ್ಪುಗಳನ್ನು ಮೊದಲು ನೋಡಿದವಳು ನಾನಾಗಿರಬೇಕು.

ಇಂತಿ,
ತೊಷಿಕೊ