ಹುಳುವಿನ ಕೊಬ್ಬು ಕರಗಲಿಲ್ಲ, ಮೇಷ್ಟ್ರೇ

ಮೇಷ್ಟ್ರೇ,

ಎಲ್ಲಿಂದ ಶುರುಮಾಡಲಿ? ಕುಣಿಗಲ್ಲಿನ ಮಟನ್ ಅಂಗಡಿಯಿಂದಲೇ ಮಾಡುತ್ತೇನೆ. ಪಿಎಚ್.ಡಿ. ಹುಡುಗಿಯನ್ನು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುವ ಗೈಡ್ ನೀವೊಬ್ಬರೇ ಇರಬೇಕು! ನಿಮ್ಮ ಮನೆಯ ಕಾಫಿ ಫ್ಲಾಸ್ಕಿನಲ್ಲಿ ಬೆಚ್ಚಗಿನ ಉಪ್ಪುನೀರು. ಕುರಿಯ ಹೊಟ್ಟೆ ಸೀಳಿದ ತಕ್ಷಣ, ನನ್ನ ಸಂಶೋಧನೆಗೆಂದು, ಒಳಗಿನ ಹುಳುಗಳನ್ನು ಅದಕ್ಕೆ ಹಾಕಬೇಕು, ತಣ್ಣಗಾದರೆ ಸತ್ತವೇ. "ಎಲ್ರೂ ಮಾಂಸ ತಗೊಂಡೋದ್ರೆ ಇವ್ರು ಹುಳ ತಗೊಂಡೋಯ್ತಾರಲ್ಲಪ್ಪ," ಎಂದು ಅಂಗಡಿಯವನು ನಗುತ್ತಿದ್ದ. ಅದೇ ಫ್ಲಾಸ್ಕಿನಲ್ಲಿ ನಿಮ್ಮ ಮನೆಯವರು ಬೀಗರಿಗೆ ಕಾಫಿ ಕಳಿಸಿದ ದಿನ ನಿಮ್ಮ ಮುಖ... ಅಯ್ಯೋ, ಈಗಲೂ ನಗು ಬರುತ್ತದೆ.

ತುಮಕೂರಿನ ಲ್ಯಾಬಿನಲ್ಲಿ ನೀವು ರೇಗಿದ ಆ ಮಧ್ಯಾಹ್ನ ನೆನಪಿದೆಯೇ? ಹುಳುಗಳನ್ನು ಉಪವಾಸ ಇಟ್ಟಿದ್ದೆ. ಮೈಯೊಳಗಿನ ಕೊಬ್ಬು ಕರಗಬೇಕು ತಾನೇ? ಹುಳುಗಳು ಸತ್ತವು, ಕೊಬ್ಬು ಹಾಗೇ ಇತ್ತು. "ಏನಮ್ಮ, ಮನೇಲಿ ರಾಗಿ ಇಟ್ಕೊಂಡು ಯಾರಾದ್ರೂ ಹಸ್ಕೊಂಡ್ ಸಾಯ್ತಾರಾ? ಎಲ್ಲೋ ತಪ್ಪು ಮಾಡಿದೀಯ. ಇನ್ನೊಂದ್ಸಲ ಮಾಡು," ಎಂದಿರಿ. ಇನ್ನೊಂದು ಸಲವೂ ಹಾಗೆಯೇ ಆಯಿತು. ತೋರಿಸೋಣವೆನ್ನುವಷ್ಟರಲ್ಲಿ ನೀವೇ... ಎಂಥ ಅವಸರ ನಿಮ್ಮದು! ಈ ಪ್ರಯೋಗದ ಅಧ್ಯಾಯ ಬಿಟ್ಟರೆ ನನ್ನ ಥೀಸಿಸ್ಸೇ ಇಲ್ಲ. ಇಟ್ಟರೆ, ನೀವು ಇಷ್ಟು ವರ್ಷ ಪಾಠ ಮಾಡಿದ್ದು ತಪ್ಪೆಂದು, ತಿರುಗಿ ಮಾತಾಡಲು ನೀವಿಲ್ಲದಾಗ ಬರೆದಂತೆ. ಏನು ಮಾಡಬೇಕಿತ್ತು, ಹೇಳಿ?

ಗುಬ್ಬಿಯ ತವರಿನಲ್ಲಿ ಕೂತು ಹಳೆಯ ಜರ್ನಲ್‌ಗಳನ್ನೆಲ್ಲ ತಿರುವಿದೆ. ಕೊಬ್ಬನ್ನು ಸ್ವಂತವಾಗಿ ಮಾಡಿಕೊಳ್ಳಲು ಈ ಹುಳುವಿಗೆ ಬಾರದು, ಕುರಿಯಿಂದಲೇ ಪಡೆಯುತ್ತದೆ. ಗಾಳಿ ಸಾಲದ ಆ ಹೊಟ್ಟೆಯೊಳಗೆ ಅದನ್ನು ಸುಟ್ಟು ಶಕ್ತಿ ಮಾಡಿಕೊಳ್ಳಲೂ ಬಾರದು. ಮತ್ತೆ ಕೂಡಿಡುವುದೇಕೆ? ಮೊಟ್ಟೆಗಂತೆ! ಹಿಕ್ಕೆಯೊಂದಿಗೆ ಹೊರಬಿದ್ದ ಮೇಲೆ, ಗಾಳಿ ಸಿಕ್ಕಾಗ, ಮರಿಹುಳು ಆ ಕೊಬ್ಬಿನಿಂದಲೇ ಹುಲ್ಲಿನ ಮೇಲೆ ಬದುಕುತ್ತದೆ. ಹಿಕ್ಕೆ ತಂದು ಡಬ್ಬಿಯಲ್ಲಿ ಮರಿ ಮಾಡಿಸಿ ನಾನೇ ನೋಡಿದೆ, ಅವುಗಳ ಕೊಬ್ಬು ಕರಗಿತು. ಅಂದರೆ ನೀವು ಅರ್ಧ ಸರಿ. ಆದರೆ ಗಂಡು ಹುಳುವಿನಲ್ಲೂ ಕೊಬ್ಬಿದೆಯಲ್ಲ, ಅದು ಯಾರಿಗೆ? ನನ್ನ ತಲೆ ಕೆಟ್ಟು ಕೆರ ಹಿಡಿದಿದೆ.

ಕಳೆದ ವಾರ ವೈವಾ ಆಯಿತು. ಆ ಅಧ್ಯಾಯ ಇಟ್ಟೇಬಿಟ್ಟಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಗಂಡು ಹುಳುವಿನ ಆ ಪ್ರಶ್ನೆಯನ್ನೇ ಕೇಳಿದರು. "ಗೊತ್ತಿಲ್ಲ ಸರ್," ಎಂದೆ. ಎಂದಿನಂತೆ ನಿಮ್ಮ ಮುಖ ನೋಡಲು ಪಕ್ಕಕ್ಕೆ ತಿರುಗಿದೆ. ಗೈಡ್ ಕೂರುವ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಪಾಸಾದೆ, ಮೇಷ್ಟ್ರೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಮಾತು ತಪ್ಪೆಂದು ತೋರಿಸಿ ಡಾಕ್ಟರ್ ಆಗಿದ್ದೇನೆ. ಖುಷಿಪಡಬೇಕೋ ಅಳಬೇಕೋ, ಒಂದೂ ತಿಳಿಯುತ್ತಿಲ್ಲ. ಒಂದೇ ಒಂದು ಸಲ ಬಂದು ಬೈದು ಹೋಗಬಾರದೇ?