ಮಗಳ ಬಾಯಿಂದ ಬೇಡ

ಭಾನುವಾರ, ಮಾರ್ಚ್ ೧೪

ಅಕ್ಕಾ,

ನೀನೂ ಅಮ್ಮನೂ ಆರಾಮಾಗಿದ್ದೀರಿ ಅಂದುಕೊಂಡೇ ಈ ಕಾಗದ ಶುರು ಮಾಡುತ್ತಿದ್ದೇನೆ. ನಿರಾಶ್ರಿತರ ಶಿಬಿರದಲ್ಲಿ ಚಳಿ ಇಳಿಯಿತೇ? ಅಮ್ಮನ ಮಂಡಿನೋವು ಹೇಗಿದೆ? ನಿನ್ನ ಕಾಗದಗಳು ಒಂದರ ಹಿಂದೆ ಒಂದು ಬಂದವು, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಕೊನೆಯದರಲ್ಲಿ 'ಏನಾಗಿದೆ ನಿನ್ನ ಕೈಗೆ?' ಎಂದು ಗದರಿದ್ದೀಯ. ಕೈಗೆ ಏನೂ ಆಗಿಲ್ಲ, ಅದಕ್ಕೆ ಪುರುಸೊತ್ತಿಲ್ಲ ಅಷ್ಟೆ. ಹಗಲೆಲ್ಲ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತದೆ, ಸಂಜೆಯೆಲ್ಲ ಮಾತಾಡುತ್ತದೆ. ಬರೆಯಲು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ. ಈಗಲೂ ಇಷ್ಟು ಬರೆಯುವಷ್ಟರಲ್ಲಿ ಎದ್ದು ಕಿಟಕಿಯ ಹತ್ತಿರ ಹೋಗಿ ಬಂದೆ. ಕೋಪ ಬಿಡು.

ಮೊದಲು ಒಳ್ಳೆಯ ಸುದ್ದಿ. ನಮ್ಮ ಆಶ್ರಯದ ಅರ್ಜಿ ಮಂಜೂರಾಯಿತು. ಇನ್ನು ನನ್ನನ್ನೂ ಗುಬ್ಬಿಯನ್ನೂ ಈ ದೇಶದಿಂದ ಯಾರೂ ಎಬ್ಬಿಸುವಂತಿಲ್ಲ. ಇಷ್ಟನ್ನು ಅಮ್ಮನಿಗೆ ಓದಿ ಹೇಳು. ಮುಂದಿನದನ್ನು ನೀನೊಬ್ಬಳೇ ಓದಿಕೋ.

ನಿನಗೆ ತಿಳಿಸದೇ ಇದ್ದ ಸಂಗತಿ ಒಂದಿದೆ. ಆ ಅರ್ಜಿ ಹೋದ ವರ್ಷ ಒಮ್ಮೆ ತಿರಸ್ಕಾರವಾಗಿತ್ತು. ನೀನು ಅಲ್ಲಿ ಕೂತು ಕೊರಗುವುದು ಬೇಡವೆಂದು ಬರೆಯಲಿಲ್ಲ.

ಆಗ ವಿಚಾರಣೆ ನಡೆದದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಮೇಜಿನ ಆಚೆ ಒಬ್ಬ ಅಧಿಕಾರಿ. ಅವನ ಮೀಸೆ ಎಷ್ಟು ದಟ್ಟವೆಂದರೆ ಅದರ ಹಿಂದೆ ತುಟಿ ಇದೆಯೋ ಇಲ್ಲವೋ ಎಂಬ ಅನುಮಾನ. ನಮ್ಮ ಭಾಷೆ ಬಲ್ಲ ದುಭಾಷಿಯೊಬ್ಬ ಬರಬೇಕಿತ್ತಂತೆ, ಬಂದಿರಲಿಲ್ಲ. ಬಂದಿದ್ದರೂ ನನ್ನಂಥ ಕಿವುಡಿಗೆ ಅವನಿಂದ ಏನು ಉಪಯೋಗ ಎಂದು ಆ ಕಚೇರಿಯಲ್ಲಿ ಯಾರೂ ಯೋಚಿಸಿರಲಿಲ್ಲ. ನಾನು ಪೆನ್ನು ತೆಗೆದು ಬರೆದು ತೋರಿಸಿದೆ. ನಮ್ಮ ಲಿಪಿ ಅಲ್ಲಿ ಯಾರಿಗೂ ಬರದು. ಅದೂ ಅಲ್ಲದೆ ಕೇಳಿದ ಪ್ರಶ್ನೆಗೆ ಎದುರೆದುರಿಗೇ ಉತ್ತರ ಕೊಡಬೇಕೆಂಬ ನಿಯಮ. ಅಷ್ಟರಲ್ಲಿ ಅವನ ಕಣ್ಣು ಗುಬ್ಬಿಯ ಮೇಲೆ ಬಿತ್ತು. ಇಲ್ಲಿನ ಶಾಲೆಗೆ ಹೋಗಿ ಅವಳಿಗೆ ಇಲ್ಲಿನ ಮಾತು ಚೆನ್ನಾಗಿ ಬಂದಿತ್ತು.

"ಮಗು ಇದೆಯಲ್ಲ, ಇವಳೇ ಹೇಳಲಿ," ಅಂದನಂತೆ.

ಗುಬ್ಬಿಗೆ ಹೆಮ್ಮೆ. ಅಂಗಡಿಯಲ್ಲಿ, ಡಾಕ್ಟರ ಹತ್ತಿರ, ಮನೆ ಮಾಲೀಕನ ಹತ್ತಿರ ನನ್ನ ಬಾಯಿ ಅವಳೇ ತಾನೇ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಳು. ನೀನೂ ನಾನೂ ಚಿಕ್ಕಂದಿನಲ್ಲಿ ಕಟ್ಟಿಕೊಂಡ ನಮ್ಮ ಮನೆಯ ಸನ್ನೆಯಲ್ಲಿ ಅವನ ಪ್ರಶ್ನೆ ನನಗೆ ಹೇಳುವಳು, ನನ್ನ ಉತ್ತರ ಅವನಿಗೆ ಹೇಳುವಳು. ಊರು ಯಾವುದು, ಯಾವ ದಾರಿಯಲ್ಲಿ ಬಂದಿರಿ, ಜೊತೆಗೆ ಯಾರಿದ್ದರು, ಎಲ್ಲ ಸಲೀಸಾಗಿ ಹೋಯಿತು. ಆಮೇಲೆ ಅವಳ ಕೈ ಸ್ವಲ್ಪ ನಿಧಾನವಾಯಿತು.

"ಅಮ್ಮ, ಅಪ್ಪ ಹೇಗೆ ಸತ್ರು ಅಂತ ಕೇಳ್ತಿದಾರೆ."

ನಿನಗೆ ಗೊತ್ತಿದೆ, ಅವಳ ಅಪ್ಪನಿಗೆ ದಾರಿಯಲ್ಲಿ ಜ್ವರ ಬಂತು ಅಂತಲೇ ನಾನು ಅವಳಿಗೆ ಹೇಳುತ್ತಾ ಬಂದದ್ದು. ಗಡಿ ದಾಟಿದಾಗ ಅವಳಿಗೆ ನಾಲ್ಕು ವರ್ಷ. ಇನ್ನಷ್ಟು ದೊಡ್ಡವಳಾಗಲಿ, ನಾನೇ ಹತ್ತಿರ ಕೂರಿಸಿಕೊಂಡು ಹೇಳುತ್ತೇನೆ ಅಂದುಕೊಂಡಿದ್ದೆ. ಗುಂಡು ಎಂಬ ಮಾತನ್ನು ಆ ಮೀಸೆಯವನಿಗಾಗಿ ನನ್ನ ಮಗಳ ಬಾಯಿಂದ ಹೇಗೆ ಹೊರಡಿಸಲಿ?

"ಜ್ವರ ಬಂದು," ಅಂದೆ. ಅವಳು ಅದನ್ನೇ ಹೇಳಿದಳು.

ಅವನು ಹಿಂದಿನ ಹಾಳೆ ತಿರುವಿದ. ಗಡಿಯಲ್ಲಿ ನೀನು ನನ್ನ ಪರವಾಗಿ ಹೇಳಿ ಬರೆಸಿದ್ದೆಯಲ್ಲ, ಗುಂಡೇಟು ಎಂದು, ಅದು ಅಲ್ಲಿತ್ತು. ಕೆಲವು ವಾರಗಳ ಮೇಲೆ ತೀರ್ಪು ಬಂತು. ಅರ್ಜಿದಾರಳ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಆಕೆಯನ್ನು ನಂಬುವ ಹಾಗಿಲ್ಲ. ಅದನ್ನೂ ಗುಬ್ಬಿಯೇ ಓದಿ ಹೇಳಿದಳು. "ನಂಬೋ ಹಾಗಿಲ್ಲ ಅಂದ್ರೆ ನಾನು ತಪ್ಪಾಗಿ ಹೇಳಿದ್ನಾ?" ಎಂದು ಕೇಳಿದಳು. ಇಲ್ಲ ಎಂದು ಎಷ್ಟು ಹೇಳಿದರೂ ಅವಳ ಮುಖ ತಿಳಿಯಾಗಲಿಲ್ಲ. ಅಂದಿನಿಂದ ಮಾತು ಕಮ್ಮಿ ಮಾಡಿದಳು.

ಅಲ್ಲಿಂದ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ನಿರಾಶ್ರಿತರ ಪರವಾಗಿ ವಾದಿಸುವ ವಕೀಲೆ ಒಬ್ಬಳು ಸಿಕ್ಕಳು. ಪೆನ್ನನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಪೆನ್ನು ಹುಡುಕುವ ಪೈಕಿ, ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ. ಮೇಲ್ಮನವಿಗೆ ಅವಕಾಶವಿದೆ, ಹೇಳಿಕೆ ಯಾಕೆ ಬದಲಾಯಿತು ಎಂದು ವಿವರಿಸಿದರೆ ಸಾಕು ಅಂದಳು. ಇದನ್ನೂ ಗುಬ್ಬಿಯ ಮೂಲಕವೇ. ನಾನು ಗುಬ್ಬಿಯನ್ನು ಹೊರಗೆ ಕಳಿಸಿದೆ. ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ ಒಂದು ಚಿತ್ರ ಬರೆದು ವಕೀಲೆಯ ಮುಂದಿಟ್ಟೆ. ಚಿತ್ರ ಚೆನ್ನಾಗಿರಲಿಲ್ಲ. ಆದರೂ ಅವಳಿಗೆ ಅರ್ಥವಾಯಿತು. ಮಾರನೇ ವಾರ ನನ್ನನ್ನು ಕಿವುಡರ ಶಾಲೆಯ ಸಂಜೆ ತರಗತಿಗೆ ಸೇರಿಸಿಬಂದಳು. ಇಲ್ಲಿನ ಸನ್ನೆ ಭಾಷೆ ಕಲಿತರೆ ಸನ್ನೆ ಬಲ್ಲ ದುಭಾಷಿಯನ್ನು ಕೇಳಬಹುದಲ್ಲ.

ಅಕ್ಕ, ಶಾಲೆ ಸೇರಿಸಲು ನಮ್ಮಪ್ಪ ನನ್ನನ್ನು ಕರೆದುಕೊಂಡು ಹೋದಾಗ ಹೆಡ್‌ಮಾಸ್ತರು ಬಾಗಿಲಲ್ಲೇ ವಾಪಸು ಕಳಿಸಿದ್ದು ನೆನಪಿದೆಯಾ? ಆಮೇಲೆ ನೀನು ಹಿತ್ತಿಲ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದೇ ನನ್ನ ವಿದ್ಯೆ. ಮೂವತ್ತು ದಾಟಿದ ಮೇಲೆ ಮೊದಲ ಸಲ ತರಗತಿಯೊಳಗೆ ಕೂತೆ. ಕುರ್ಚಿಗಳು ಮಕ್ಕಳವು, ಮಂಡಿ ಗದ್ದಕ್ಕೆ ತಾಗುತ್ತದೆ. ಕಲಿಸುವ ಟೀಚರಮ್ಮ ತಾವೂ ಹುಟ್ಟು ಕಿವುಡಿ, ನಮ್ಮಮ್ಮನ ವಯಸ್ಸು, ಸಿಟ್ಟು ಮೂಗಿನ ತುದಿಯಲ್ಲಿ. ಮೊದಲ ದಿನವೇ ನನ್ನ ಮಾನ ಹೋಯಿತು. ಪಕ್ಕದಲ್ಲಿದ್ದ ನಡುವಯಸ್ಸಿನ ಬಡಗಿಯನ್ನು ನಮ್ಮ ಸನ್ನೆಯಲ್ಲಿ 'ಊಟ ಆಯ್ತಾ?' ಎಂದು ಕೇಳಿದೆ. ಇಲ್ಲಿ ಅದಕ್ಕೆ 'ಬಸುರಿಯಾ?' ಎಂದು ಅರ್ಥವಂತೆ. ಅವನು ಹೊಟ್ಟೆ ನೇವರಿಸಿಕೊಂಡು "ಇನ್ನೂ ತೀರ್ಮಾನ ಮಾಡಿಲ್ಲ," ಅಂದನಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರಮ್ಮ ಮಾತ್ರ ನಗಲಿಲ್ಲ.

"ನಿನ್ನ ಕೈ ಮನೆಯೊಳಗೇ ಮಾತಾಡಿ ರೂಢಿ. ಅದನ್ನ ಬೀದಿಗೆ ತಗೊಂಡು ಬಾ," ಅಂದರು.

ಬೀದಿಗೆ ತಂದೆ. ಹಗಲು ಇಸ್ತ್ರಿಯ ದೊಡ್ಡ ಉರುಳೆಗೆ ಹೊದಿಕೆಗಳನ್ನು ಒಡ್ಡುತ್ತಾ ಮನಸ್ಸಿನಲ್ಲೇ ಪದ ಜೋಡಿಸುತ್ತಿದ್ದೆ. ಜೊತೆಯವಳು ಹೊದಿಕೆಯ ಆಚೆ ತುದಿ ಹಿಡಿದು ನನ್ನನ್ನೇ ನೋಡುವಳು, ಇವಳಿಗೆ ತಲೆ ಕೆಟ್ಟಿದೆ ಎಂಬಂತೆ.

ಕಲಿಯುತ್ತಾ ಕಲಿಯುತ್ತಾ ಒಬ್ಬೊಬ್ಬರ ಕಥೆ ಹೊರಬಿತ್ತು. ಬಡಗಿಗೆ ಗಂಟಲಿನ ಕಾಯಿಲೆ ಎಂದು ಆಸ್ಪತ್ರೆಯವರು ಹೇಳಿಸಿದ್ದು ಅವನ ಚಿಕ್ಕ ಮಗಳಿಂದ. ಪಾಪ ಆ ಹುಡುಗಿ "ಡಾಕ್ಟರು ಏನೂ ಇಲ್ಲ ಅಂದ್ರು" ಎಂದಳಂತೆ. ಅವನು ಆರು ತಿಂಗಳು ನೆಮ್ಮದಿಯಾಗಿ ಓಡಾಡಿಕೊಂಡಿದ್ದ. ಅಷ್ಟರಲ್ಲಿ ರೋಗ ಬಲಿತಿತ್ತು. ನನ್ನ ಒಂದು ಅರ್ಜಿಯ ಮಾತಲ್ಲ ಇದು ಅಂತ ವಕೀಲೆಗೂ ಟೀಚರಮ್ಮನಿಗೂ ಗಂಟುಬಿದ್ದೆ. ಮೂವರೂ ಸೇರಿ ಕಚೇರಿಗಳ ಬಾಗಿಲು ತಟ್ಟಲು ಶುರು ಮಾಡಿದೆವು. ನಾನು ಬಾಗಿಲು ತಟ್ಟಿದರೆ ಒಳಗಿನವರು 'ಬನ್ನಿ' ಅಂದರೋ 'ನಿಲ್ಲಿ' ಅಂದರೋ ನನಗೆ ಕೇಳಿಸದು. ಹಾಗಾಗಿ ತಟ್ಟಿದ ಕೂಡಲೇ ಒಳಗೆ ಹೋಗುವುದು. ಎಷ್ಟೋ ಜನ ದೊಡ್ಡ ಅಧಿಕಾರಿಗಳು ಬಾಯಿತುಂಬ ತಿಂಡಿ ತುಂಬಿಕೊಂಡು ಸಿಕ್ಕಿಬಿದ್ದಿದ್ದಾರೆ. ತರಗತಿಯವರು ನನಗೆ 'ತಟ್ಟುವವಳು' ಎಂದೇ ಸನ್ನೆಯಲ್ಲಿ ಹೆಸರಿಟ್ಟಿದ್ದಾರೆ.

ಆಶ್ರಯ ಕಚೇರಿಯ ಮುಖ್ಯಸ್ಥ ಒಳ್ಳೆಯವನೇ, ಆದರೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುವವನಲ್ಲ. "ಮಕ್ಕಳು ಚೆನ್ನಾಗೇ ಹೇಳ್ತಾರಲ್ಲ, ಅದರಲ್ಲೇನು ತಪ್ಪು?" ಅಂದ. ಆ ಹೊತ್ತಿಗೆ ಸನ್ನೆ ಬಲ್ಲ ತರುಣನೊಬ್ಬ ನಮ್ಮ ಜೊತೆಗೆ ಬರುತ್ತಿದ್ದ. ಅವನ ಮೂಲಕ ನಾನು ಕೇಳಿದೆ:

"ನಿಮ್ಮ ಮನೇಲಿ ಯಾರನ್ನಾದರೂ ಕೊಂದಿದ್ದರೆ, ಹೇಗೆ ಕೊಂದ್ರು ಅಂತ ಹೇಳೋಕೆ ನಿಮ್ಮ ಮಗೂನ ಕಳಿಸ್ತಿದ್ರಾ?"

ಅವನು ನನ್ನ ಕಡೆ ನೋಡದೆ ವಕೀಲೆಯ ಕಡೆ ತಿರುಗಿ, "ಇವರಿಗೆ ಯಾಕೆ ಇಷ್ಟು ಸಿಟ್ಟು?" ಎಂದ.

"ಎದುರಿಗೇ ಇದಾರಲ್ಲ, ಅವರನ್ನೇ ಕೇಳಿ," ಅಂದಳು ವಕೀಲೆ.

ಆ ದಿನ ಏನೂ ಆಗಲಿಲ್ಲ. ಮತ್ತೆ ಹೋದೆವು, ಮತ್ತೂ ಹೋದೆವು. ಬಡಗಿ ಬಂದ, ಅವನ ಮಗಳು ಬಂದಳು. ಕೊನೆಗೆ ಒಂದು ಸುತ್ತೋಲೆ ಹೊರಟಿತು, ಈ ಕಚೇರಿಯ ವಿಚಾರಣೆಗಳಲ್ಲಿ ಮಕ್ಕಳನ್ನು ದುಭಾಷಿಯಾಗಿ ಕೂರಿಸಬಾರದು, ಕಿವುಡರಿಗೆ ಸನ್ನೆಯ ದುಭಾಷಿಯನ್ನು ಕಚೇರಿಯೇ ಕೊಡಬೇಕು ಎಂದು. ಅದರಂತೆ ನಡೆದ ಮೊದಲ ವಿಚಾರಣೆ ನನ್ನದೇ.

ಈ ಸಲ ಅಧಿಕಾರಿ ಒಬ್ಬ ಹೆಂಗಸು. ಗುಬ್ಬಿ ಹೊರಗೆ ಬೆಂಚಿನ ಮೇಲೆ ಟೀಚರಮ್ಮನ ಜೊತೆ ಕೂತಳು. ಸನ್ನೆಯ ತರುಣ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಎದುರಿಗೆ ಕೂತ. ನಾನು ಎಲ್ಲ ಹೇಳಿದೆ. ಒಣಗಿದ ಕಾಲುವೆಯ ಏರಿ. ಮುಂದೆ ನೀನು, ಅಮ್ಮನ ರಟ್ಟೆ ಹಿಡಿದುಕೊಂಡು. ನಡುವೆ ನಾನು, ಸೊಂಟದ ಮೇಲೆ ಗುಬ್ಬಿ. ಕೊನೆಯಲ್ಲಿ ಗಂಟು ಹೊತ್ತುಕೊಂಡು ಅವರು, ಗುಬ್ಬಿಯ ಅಪ್ಪ. ನೀನು ಇದ್ದಕ್ಕಿದ್ದ ಹಾಗೆ ಓಡತೊಡಗಿದ್ದನ್ನು ಕಂಡು ನಾನು ತಿರುಗಿ ನೋಡಿದ್ದು. ಅವರು ಮಗುಚಿ ಬಿದ್ದಿದ್ದು, ಹಿಂದೆ ಮರಗಳ ಸಾಲಿನಲ್ಲಿ ಬಂದೂಕಿನವರು.

"ಆಮೇಲೆ?" ಎಂದಳು ಆಕೆ.

"ಓಡಿದೆ."

"ಮೊದಲನೇ ಸಲ ಜ್ವರ ಅಂತ ಯಾಕೆ ಹೇಳಿದ್ರಿ?"

"ಆವತ್ತು ನನ್ನ ಮಾತು ಹೇಳ್ತಾ ಇದ್ದದ್ದು ಸತ್ತವರ ಮಗಳು."

ನಾನು ತರುಣನ ಗಂಟಲನ್ನೇ ನೋಡುತ್ತಿದ್ದೆ. ನನ್ನ ಬದುಕಿನ ಅತಿ ಕೆಟ್ಟ ಗಳಿಗೆ ಯಾರೋ ಪರಕೀಯನ ಗಂಟಲಿನಿಂದ ಹೊರಟು ಹೋಗುತ್ತಿತ್ತು. ಹೋಗಲಿ ಅನ್ನಿಸಿತು. ಅವನು ದೊಡ್ಡವನು, ತಡೆದುಕೊಳ್ಳುತ್ತಾನೆ.

ಹೀಗೆ ಮಂಜೂರಾಯಿತು. ವಕೀಲೆ ಅತ್ತುಬಿಟ್ಟಳು, ಟೀಚರಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಮುಂದಿನ ವರ್ಷದಿಂದ ಹೊಸದಾಗಿ ಬರುವ ಕಿವುಡ ನಿರಾಶ್ರಿತರಿಗೆ ನಾನೇ ಸನ್ನೆ ಕಲಿಸಬೇಕಂತೆ. ಅದಕ್ಕೊಂದು ತರಬೇತಿ ಇದೆ, ಸೇರಿದ್ದೇನೆ. ಇಲ್ಲಿನ ಪತ್ರಿಕೆಯನ್ನು ಬೆರಳಿಟ್ಟು ಓದುವಷ್ಟು ಬಂದಿದೆ. ಆಸ್ಪತ್ರೆಗಳ ಬಾಗಿಲು ಇನ್ನೂ ತಟ್ಟುವುದಿದೆ. ನೀನು ಕೇಳಬಹುದು, ಗೆದ್ದೆಯಲ್ಲ, ಇನ್ನಾದರೂ ಒಂದು ಕಡೆ ಕೂರಬಾರದಾ ಅಂತ. ಕೂರುವುದಕ್ಕೆ ಆಗುತ್ತಿಲ್ಲ, ಅಕ್ಕ. ಒಲೆಯ ಮೇಲೆ ಏನನ್ನೋ ಇಟ್ಟು ಬಂದವಳ ಹಾಗೆ ಕೆಲಸದ ನಡುವೆ ಥಟ್ಟನೆ ಮನೆಗೆ ಓಡಬೇಕು ಅನ್ನಿಸುತ್ತದೆ. ಓಡಿ ಬಂದರೆ ಇಲ್ಲಿ ಏನೂ ಉರಿಯುತ್ತಿರುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ. ನಿಮ್ಮಿಬ್ಬರನ್ನೂ ಇಲ್ಲಿಗೆ ಕರೆಸಿಕೊಳ್ಳುವ ದಾರಿಯನ್ನು ವಕೀಲೆ ನೋಡುತ್ತಿದ್ದಾಳೆ. ನೀವಿಬ್ಬರೂ ತಣ್ಣಗಿರಿ. ನನ್ನ ಮೇಲೆ ನಿನ್ನ ಹಾರೈಕೆ ಹೀಗೇ ಇರಲಿ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ಕಳೆದ ಭಾನುವಾರ ಗುಬ್ಬಿಯನ್ನು ಹತ್ತಿರ ಕೂರಿಸಿಕೊಂಡು ಅವಳಪ್ಪನಿಗೆ ಬಂದದ್ದು ಜ್ವರವಲ್ಲ ಎಂದು ಹೇಳಿದೆ. ಗುಂಡು ತಗುಲಿದ ಕೂಡಲೇ ಜೀವ ಹೋಯಿತು, ಅಪ್ಪನಿಗೆ ಏನೂ ಗೊತ್ತಾಗಲಿಲ್ಲ ಎಂದೆ. ಇಷ್ಟು ವರ್ಷ ನಾನೂ ಹಾಗೇ ನಂಬಿಕೊಂಡಿದ್ದೆ. ಅವಳು ತಲೆಯೆತ್ತಲಿಲ್ಲ. "ನಂಗೊತ್ತು. ಬಿದ್ದ ಮೇಲೂ ಅಪ್ಪ ಕೂಗ್ತಾ ಇದ್ರು," ಎಂದಳು ಕೈಯಲ್ಲೇ. ಓಡುವಾಗ ಅವಳ ಕಣ್ಣಿಗೆ ಬೀಳದಿರಲೆಂದು ಅವಳ ಮುಖವನ್ನು ನನ್ನ ಹೆಗಲಿಗೆ ಒತ್ತಿ ಹಿಡಿದಿದ್ದೆ. ಕಿವಿಯ ಯೋಚನೆ ನನಗೆ ಎಲ್ಲಿಂದ ಬರಬೇಕು? ಅಪ್ಪ ಏನೆಂದು ಕೂಗಿದರು ಎಂದು ಕೇಳಿದೆ. ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡುಬಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಮೌನ ಬೇರೆ ಇಲ್ಲ. ನಾನು ಮತ್ತೆ ಕೇಳಲಿಲ್ಲ, ಕೇಳುವುದೂ ಇಲ್ಲ.

ನೀನು ಮುಂದೆ ಇದ್ದೆ. ನಿನಗೂ ಕೇಳಿಸಿರುತ್ತದೆ. ಹಾಲು ಉಕ್ಕಿದ ಸದ್ದು, ಪಕ್ಕದ ಮನೆಯ ಜಗಳ, ಮಗು ಅತ್ತದ್ದು, ಲೋಕದ ಸದ್ದನ್ನೆಲ್ಲ ನನ್ನ ಕೈಗೆ ಹಾಕುತ್ತಿದ್ದವಳು ಅದೊಂದನ್ನು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಗೊತ್ತು, ನಿನ್ನ ಮೇಲೆ ಸಿಟ್ಟಿಲ್ಲ. ಈಗ ಹೇಳು. ನಿಲ್ಲಿ ಅಂದರೋ, ಓಡಿ ಅಂದರೋ, ನನ್ನ ಹೆಸರು ಹಿಡಿದು ಕರೆದರೋ? ಏನೇ ಆಗಿರಲಿ, ಇದ್ದದ್ದು ಇದ್ದ ಹಾಗೆ ಬರೆ. ಆ ಕೂಗನ್ನು ಆ ಮಗು ಒಬ್ಬಳೇ ಹೊತ್ತುಕೊಂಡು ಬೆಳೆಯುವುದು ಬೇಡ.